ಹುಳುಮನೆಯಲ್ಲಿ ಪ್ರಾರ್ಥನೆ

ಉಪದೇಶ ಮಾಡಲು ಮಂಗಳೂರಿನಿಂದ ತಿಪ್ಪಸಂದ್ರಕ್ಕೆ ಬಂದ ಪರದೇಶಿ ಪಾದ್ರಿ ನಾನು. ಇಲ್ಲಿನ ಮಾತು ಕಲಿಯಲೆಂದು ಊರವರ ದನಿಗಳನ್ನೆಲ್ಲ ಅಣಕಿಸಿ ನಗಿಸುತ್ತಿದ್ದೆ.

ಒಂದು ಮಧ್ಯಾಹ್ನ ಊರಿನ ಮುನಿಯಮ್ಮ ತನ್ನ ಹುಳುಮನೆಗೆ ಕರೆದಳು. ಗಂಡ ಸಿದ್ದಯ್ಯ ಸತ್ತ ಮೇಲೆ ಅವಳೊಬ್ಬಳೇ ಸಾಕಿದ ಮೊದಲ ರೇಷ್ಮೆ ಬೆಳೆ ಅದು. ಹುಳುಗಳು ಬೆಳಗಿನಿಂದ ಸೊಪ್ಪು ಮುಟ್ಟಿರಲಿಲ್ಲ. ಸಂಜೆಯೊಳಗೆ ತಿನ್ನದಿದ್ದರೆ ಬೆಳೆ ಹೋದಂತೆಯೇ.

“ಎಲ್ಲಾ ದೇವ್ರಿಗೂ ಹರಸ್ಕೊಂಡಾಯ್ತು ಪಾದ್ರಿಗೋಳೆ, ನಿಮ್ದೊಂದು ಬಾಕಿ ಐತೆ. ಕಾಲು ತೊಳ್ಕೊಂಡು ಬನ್ನಿ. ಆ ಸೆಂಟು ಹೊಡ್ಕಂಡಿರೋ ಅಂಗಿ ಆಚೆಗೇ ಬಿಚ್ಚಿ, ವಾಸ್ನೆಗೆ ಹುಳ ಸತ್ತೋಯ್ತವೆ!”

ಬನಿಯನ್ನಿನಲ್ಲೇ ನಿಂತು ಪ್ರಾರ್ಥಿಸಿದೆ. ಹುಳುಗಳು ಅಲುಗಲಿಲ್ಲ. ನಡುಮಧ್ಯಾಹ್ನದಲ್ಲೂ ಒಳಗೆ ಚಳಿ. ಅವಳನ್ನು ನಗಿಸೋಣವೆಂದು ಹಳ್ಳಿ ಗಂಡಸಿನ ದನಿ ತೆಗೆದು, “ತಿನ್ರಲಾ, ಒಸಿ ತಿನ್ರಲಾ” ಎಂದೆ.

ಗಂಟಲಿನಿಂದ ಬಂದದ್ದು ನಾನೆಂದೂ ಕೇಳಿರದ ಒರಟು ದನಿ. ಮಾತಿನ ಕೊನೆಗೊಂದು ಸಣ್ಣ ಸೀಟಿ. ತಟ್ಟೆಗಳಲ್ಲೆಲ್ಲ ಸರಸರನೆ ಮೇಯುವ ಸದ್ದೆದ್ದಿತು.

ಮುನಿಯಮ್ಮ ಸೆರಗು ಹೊದ್ದುಕೊಂಡಳು. “ನಮ್ಮ ಯಜಮಾನ್ರಿಗೆ ಮುಂದಿನ ಹಲ್ಲು ಮುರಿದಿತ್ತು, ಮಾತಾಡಿದ್ರೆ ಇಂಗೇ ಸೀಟಿ ಬರ್ತಿತ್ತು. ನೀವು ಅವ್ರನ್ನ ಯಾವಾಗ ಕಂಡಿದ್ರಿ?”

“ಕಂಡೇ ಇಲ್ಲಮ್ಮ.”

“ಅಂಗಾದ್ರೆ ನಿಲ್ಲಿಸ್ಬ್ಯಾಡಿ. ತಿಂತಾ ಅವೆ.”

ನಾನು ಆಗಲೇ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದೆ. “ತಿನ್ರಲಾ” ಎನ್ನುವ ದನಿ, ಸೀಟಿ ಸಮೇತ, ಕೋಣೆಯಲ್ಲಿ ಇನ್ನೂ ಕೇಳುತ್ತಿತ್ತು.