ಮಹಡಿ ಹತ್ತುವ ಸೊಸೆ

ಒಣಗಿದ ಬಟ್ಟೆಯನ್ನೇ ಒಣಹಾಕಲು ಸೊಸೆ ಮತ್ತೆ ಮಹಡಿ ಹತ್ತಿದಳು! ಅತ್ತೆಯ ಎದೆ ಧಸಕ್ಕೆಂದಿತು. ಇದು ಇವತ್ತಿನ ಮಾತಲ್ಲ. ಇಳಿದು ಬಂದವಳು ನೇರ ಬಚ್ಚಲಿಗೆ ಹೋಗಿ ಬಾಯಿ ಮುಕ್ಕಳಿಸುತ್ತಾಳೆ, ಏಲಕ್ಕಿ ಅಗಿಯುತ್ತಾಳೆ, ಮುಖ ಕೊಟ್ಟು ಮಾತನಾಡುವುದಿಲ್ಲ. ಮೇಲೆ ಯಾರೊಂದಿಗೆ ಫೋನು? ಬಟ್ಟೆ ಅಂಗಡಿಯ ಕೆಲಸದಲ್ಲಿ ಯಾರ ಪರಿಚಯ? ಹೊಟ್ಟೆಯಲ್ಲಿರುವ ಕೂಸು... ಛೇ! ಎಷ್ಟು ನೂಕಿದರೂ ಆ ಯೋಚನೆ ಬೆನ್ನು ಬಿಡಲಿಲ್ಲ. ಕೊನೆಗೆ ಸೊಸೆಯನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಡುವ ಮೊದಲು ಮಗನ ಕಿವಿಗೂ ಊದಿಬಿಟ್ಟಳು.

ಡಾಕ್ಟರಮ್ಮ ತೂಕ, ರಕ್ತದೊತ್ತಡ ನೋಡಿ, "ಅಮ್ಮಾ, ನೀವು ಸ್ವಲ್ಪ ಹೊರಗಿರ್ತೀರಾ?" ಎಂದಾಗ ಅನುಮಾನ ಗಟ್ಟಿಯಾಯಿತು. ಮುಚ್ಚಿದ ಬಾಗಿಲಿನಾಚೆ ಸೊಸೆ ಬಿಕ್ಕುವುದು ಕೇಳಿಸಿತು. ತಡೆಯಲಾರದೆ ಅತ್ತೆ ಒಳನುಗ್ಗಿದಳು.

"ಹೇಳೇ! ಯಾರವನು?"

"ಯಾರು... ಯಾರತ್ತೆ?" ಸೊಸೆ ತಬ್ಬಿಬ್ಬಾದಳು.

"ಅಮ್ಮಾ, ಹೀಗೆ ನುಗ್ಗೋ ಹಾಗಿಲ್ಲ. ಹೊರಗೆ ಹೋಗಿ," ಎಂದು ಡಾಕ್ಟರಮ್ಮ ಎದ್ದು ನಿಂತರು.

"ಇರ್ಲಿ ಡಾಕ್ಟ್ರೇ, ನಾನೇ ಹೇಳ್ತೀನಿ. ಅತ್ತೆ... ನಾನು ಸಿಗರೇಟು ಸೇದ್ತೀನಿ. ಮದುವೆಗೆ ಮುಂಚಿಂದ. ಬಿಡೋಕೆ ನೋಡ್ತಿದೀನಿ, ಆಗ್ತಿಲ್ಲ!"

ಅತ್ತೆಗೆ ಹೋದ ಜೀವ ಬಂದಂತಾಯಿತು. ಮರುಗಳಿಗೆಯೇ ರೇಗಿತು. "ಬಸುರಿ ಹೆಂಗಸು! ನಾಚಿಕೆ ಆಗಲ್ವಾ?"

"ಬೈದ್ರೆ ಕದ್ದು ಸೇದ್ತಾರೆ, ಅಷ್ಟೇ." ಡಾಕ್ಟರಮ್ಮನ ದನಿ ಏರಲಿಲ್ಲ. "ಅಂಟಿಕೊಂಡಿರೋ ಚಟ ಅಮ್ಮಾ, ಕೆಟ್ಟತನ ಅಲ್ಲ. ಈಗ ಬಿಟ್ರೂ ಮಗುಗೆ ಒಳ್ಳೇದೇ. ಆಸೆ ಬಂದಾಗ ನೀರು ಕುಡೀಲಿ, ನಿಮ್ಮ ಜೊತೆ ಮಾತಾಡ್ತಾ ಕೂರ್ಲಿ, ಸ್ವಲ್ಪ ಹೊತ್ತಿಗೆ ಇಳಿಯತ್ತೆ. ವಾರ ವಾರ ನನ್ನ ಹತ್ರ ಬರ್ಲಿ. ಮನೇಲಿ ಇನ್ಯಾರು ಸೇದ್ತಾರೆ?"

"ಮಗ ಸೇದ್ತಾನೆ," ಎಂದಳು ಅತ್ತೆ. ಮಗನ ಹೊಗೆ ಮನೆತುಂಬ ಇದ್ದದ್ದಕ್ಕೇ ಸೊಸೆಯದು ಮೂಗಿಗೆ ಬಿದ್ದಿರಲಿಲ್ಲ. ಅವನಿಗೆ ಒಂದು ದಿನವೂ ತಾನು ಸೇದಬೇಡವೆಂದಿರಲಿಲ್ಲ... ಆ ಹೊಗೆಯೊಳಗೆ ಕೂತು ಈ ಹುಡುಗಿ ಬಿಡುವುದಾದರೂ ಹೇಗೆ?

ಮನೆಯಲ್ಲಿ ಮಗ ಸಿಗರೇಟು ಹಚ್ಚಿಕೊಂಡು ಕಾಯುತ್ತಿದ್ದ. "ನೀನು ಹೇಳಿದ್ದು ನಿಜಾನಾಮ್ಮ? ಯಾರ ಜೊತೆ ಮಾತಾಡ್ತಾಳಂತೆ?"

ಸೊಸೆಯ ಮುಖ ಬಿಳಿಚಿಕೊಂಡಿತು. "ಅತ್ತೆ... ನೀವು ಹಾಗಂದ್ರಾ?"

"ಅಂದೆ ಕಣೇ. ನನ್ನ ನಾಲಿಗೆಗೆ ಹುಳ ಬೀಳ!" ಅತ್ತೆ ಮಗನ ಬೆರಳಿನಿಂದ ಸಿಗರೇಟು ಕಿತ್ತು ನೀರಿನ ಲೋಟಕ್ಕೆ ಅದ್ದಿದಳು. "ಇವಳು ಯಾರ ಜೊತೆಗೂ ಮಾತಾಡಿಲ್ಲ. ನೀನು ಸೇದೋದಾದ್ರೆ ಬೀದಿಗೆ ಹೋಗು. ಮಗು ಹುಟ್ಟಿದ ಮೇಲೂ ಅಷ್ಟೇ!"

ಮಗ ದುರುಗುಟ್ಟಿ ನೋಡಿ, ಬಾಗಿಲು ಬಡಿದುಕೊಂಡು ಹೊರಟುಹೋದ. ಸೊಸೆ ಕೋಣೆ ಸೇರಿ ಚಿಲಕ ಹಾಕಿಕೊಂಡಳು.

ಸಂಜೆ ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು.

"ಅತ್ತೆ... ತಡೆಯೋಕಾಗ್ತಿಲ್ಲ."

"ಬಾ, ಕೂತ್ಕೋ. ಮಾತಾಡು."

"ಏನು ಮಾತಾಡ್ಲಿ ನಿಮ್ಮ ಜೊತೆ?"

"ನನ್ನನ್ನೇ ಬೈ. ಕೇಳ್ತೀನಿ."

ಸೊಸೆ ಬೈಯತೊಡಗಿದಳು. ಮದುವೆಯಾದಂದಿನಿಂದ ನುಂಗಿಕೊಂಡದ್ದೆಲ್ಲ ಅಳುವಿನ ಜೊತೆ ಹೊರಬಂತು. ಅತ್ತೆ ಒಲೆ ಆರಿಸಿ, ಅವಳ ಕೈ ಹಿಡಿದು ಕೇಳುತ್ತ ಕೂತಳು.