ನಾಲ್ಕನೇ ನಂಬರಿನ ಹೆಜ್ಜೆ

"ಕುಂದಾ? ನಾಲ್ಕನೇ ನಂಬರಿಗೆ ಒಂದೇ ಒಂದು ಕುಂದೂ ಇಲ್ಲ!" ಮಾರ್ನಿ ಕೂಗಿಯೇ ಹೇಳಿದಳು. ದೊಡ್ಡಿಯಲ್ಲಿದ್ದ ನಾಲ್ಕೂ ಕಡಸುಗಳು ಮೇವು ಮೆಲ್ಲುವುದನ್ನು ನಿಲ್ಲಿಸಿ ಅವಳನ್ನೇ ನೋಡಿದವು.

ಬಕೆಟ್ ಬೋರಲು ಹಾಕಿ ಅದರ ಮೇಲೆ ಕುಳಿತಿದ್ದ ಅಜ್ಜಿ ನೋಟ್‌ಬುಕ್ಕಿನಿಂದ ತಲೆ ಎತ್ತಲಿಲ್ಲ. "ಏನೂ ಇಲ್ವಾ?"

"ಏನೂ ಇಲ್ಲ ಅಜ್ಜಿ. ಬೆನ್ನು ನೇರ. ಹಿಂದಿನಿಂದ ನೋಡಿದ್ರೆ ಎಷ್ಟು ಅಗಲ! ಕರು ಆರಾಮಾಗಿ ಈಚೆ ಬರುತ್ತೆ. ಕೆಚ್ಚಲು ಸಮವಾಗಿದೆ. ಮುಖ ನೋಡು, ಬೆಳ್ಳಗೆ ಎಷ್ಟು ಚೆಂದ!"

ಬೇಲಿಯ ಮೇಲೆ ಕುಳಿತು ಸೂರ್ಯಕಾಂತಿ ಬೀಜ ತಿನ್ನುತ್ತಿದ್ದ ಅಣ್ಣ ಕೋಲ್ಬಿ ಸಿಪ್ಪೆಯನ್ನು ಥೂ ಎಂದು ಉಗಿದ. "ಹೆತ್ತವರಿಗೆ ಹೆಗ್ಗಣ ಮುದ್ದು! ಎರಡನೇ ನಂಬರ್ ತಗೋ ಅಂತ ಬೆಳಗ್ಗಿಂದ ಹೇಳ್ತಾ ಇದೀನಿ."

"ನಿನ್ನ ಕೇಳಿದವರು ಯಾರು? ಬಾಯಿ ಮುಚ್ಕೊಂಡು ಬೀಜ ತಿನ್ನು."

ನಿಜ ಹೇಳಬೇಕೆಂದರೆ, ಕೋಲ್ಬಿ ಎರಡನೇ ನಂಬರ್ ಎಂದಿದ್ದಕ್ಕೇ ಮಾರ್ನಿಗೆ ನಾಲ್ಕನೇ ನಂಬರಿನ ಮೇಲೆ ಇನ್ನಷ್ಟು ಪ್ರೀತಿ ಉಕ್ಕಿತ್ತು. ಅಣ್ಣ ಆಕಾಶ ನೀಲಿ ಎಂದರೆ ಹಸಿರು ಎನ್ನುವ ಹುಡುಗಿ ಅವಳು. ಅಲ್ಲದೆ ಎರಡನೇ ನಂಬರಿನಲ್ಲಿ ನೋಡುವಂಥದ್ದು ಏನಿತ್ತು? ಮಾಸಿದ ಕೆಂಪು ಬಣ್ಣ, ಮಾರುದ್ದ ಮೂತಿ. ಹತ್ತಿರ ಹೋದರೆ ಒದೆಯಲು ಬರುತ್ತಿತ್ತು.

ನೆಬ್ರಾಸ್ಕಾದ ಆ ಮರಳುಗುಡ್ಡಗಳ ನಡುವಿನ ಮನೆಯಲ್ಲಿ ಒಂದು ಪದ್ಧತಿ ಇತ್ತು. ಮಗುವಿಗೆ ಹತ್ತು ತುಂಬಿದ ವರ್ಷ, ಕಡಸುಗಳು ಈಯುವುದಕ್ಕೆ ಒಂದು ತಿಂಗಳ ಮುಂಚೆ, ಅಜ್ಜಿ ನಾಲ್ಕು ಗಬ್ಬದ ಕಡಸುಗಳನ್ನು ದೊಡ್ಡಿಗೆ ಬಿಡುತ್ತಿದ್ದಳು. ಅದರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ಆಮೇಲೆ ಕೈ ಹಿಂದೆ ಕಟ್ಟಿ ನೆಟ್ಟಗೆ ನಿಂತು, ಅದೇ ಏಕೆ ಎಂದು ಹೇಳಬೇಕು. ಅದರ ಕುಂದನ್ನೂ ಬಾಯಿಬಿಟ್ಟು ಹೇಳಬೇಕು. ಅಜ್ಜಿ ಒಪ್ಪಿದರೆ ಕಡಸೂ ನಿನ್ನದು, ಹೊಟ್ಟೆಯಲ್ಲಿರುವ ಕರುವೂ ನಿನ್ನದು. ಒಪ್ಪದಿದ್ದರೆ ಅಜ್ಜಿ ಕೊಟ್ಟದ್ದೇ ಗತಿ.

ಮಾರ್ನಿ ಈ ದಿನಕ್ಕಾಗಿ ಕ್ಯಾಲೆಂಡರಿನಲ್ಲಿ ಒಂದೊಂದೇ ದಿನ ಹೊಡೆದುಹಾಕುತ್ತಾ ಬಂದಿದ್ದಳು. ಬೆಳಗ್ಗೆ ಅಮ್ಮ ಕೊಟ್ಟ ಗಸಗಸೆ ಬನ್ ಕೂಡ ಗಂಟಲಲ್ಲಿ ಇಳಿದಿರಲಿಲ್ಲ.

"ಕುಂದಿಲ್ಲದ ದನ ಇನ್ನೂ ಹುಟ್ಟಿಲ್ಲ ಕಣೇ," ಎಂದು ಅಜ್ಜಿ ಫ್ಲಾಸ್ಕಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಂಡಳು. "ಕುಂದು ಕಾಣಲಿಲ್ಲ ಅಂದ್ರೆ ನೀನು ನೋಡಿಲ್ಲ ಅಂತ ಅರ್ಥ. ಹೋಗು, ಇನ್ನೊಂದು ಸಲ ನೋಡ್ಕೊಂಡು ಬಾ. ಈ ಕಾಫಿ ಮುಗಿಯೋವರೆಗೆ ಟೈಮ್."

ಮಾರ್ನಿ ಓಡಿದಳು. ಅಜ್ಜಿ ಬಿಸಿ ಕಾಫಿಯನ್ನು ಗಟಗಟ ಕುಡಿಯುವವಳು.

ನಾಲ್ಕನೇ ನಂಬರ್ ಅವಳನ್ನು ಕಂಡ ಕೂಡಲೇ ಮೂಗು ಚಾಚಿ ಬಂದು ಜೇಬು ಮೂಸಿತು. ಅಲ್ಲಿ ಸೇಬಿನ ಚೂರು ಇರುವುದು ಅದಕ್ಕೆ ಗೊತ್ತು. "ಇರು ಚಿನ್ನಾ, ಈಗ ಪರೀಕ್ಷೆ," ಎಂದು ಮಾರ್ನಿ ಪಕ್ಕೆಲುಬಿನ ಮೇಲೆ ಕೈಯಾಡಿಸಿದಳು. ಚಳಿಗಾಲದ ದಪ್ಪ ಕೂದಲು ಮೋಸ ಮಾಡುತ್ತದೆ, ಮುಟ್ಟಿ ನೋಡಬೇಕು ಎಂದು ಅಜ್ಜಿ ಹೇಳಿದ್ದಳು. ಮುಟ್ಟಿ ನೋಡಿದಳು. ತೆಳ್ಳಗೂ ಇಲ್ಲ, ಕೊಬ್ಬೂ ಇಲ್ಲ. ಹಿಂದೆ ನಿಂತು ನೋಡಿದಳು, ಬಗ್ಗಿ ಹೊಟ್ಟೆಯ ಕೆಳಗೆ ನೋಡಿದಳು. ಎಲ್ಲವೂ ಸರಿ! ಅವಳಿಗೆ ಕುಣಿಯುವಷ್ಟು ಖುಷಿಯಾಯಿತು.

ಸೇಬು ಸಿಗದೆ ಬೇಸರಗೊಂಡ ನಾಲ್ಕನೇ ನಂಬರ್ ದೊಡ್ಡಿಯ ಆಚೆ ಮೂಲೆಗೆ ನಡೆಯಿತು. ರಾತ್ರಿ ಬಿದ್ದ ಹಿಮ ಅಲ್ಲಿ ಇನ್ನೂ ಯಾರೂ ತುಳಿಯದೆ ಹಾಸಿದಂತೆ ಬಿದ್ದಿತ್ತು. ಮಾರ್ನಿ ಹಿಂದೆಯೇ ಹೊರಟಳು. ಆಗ ಅವಳ ಕಣ್ಣು ನೆಲದ ಮೇಲೆ ಬಿತ್ತು.

ಚೆನ್ನಾಗಿ ನಡೆಯುವ ದನದ ಹಿಂದಿನ ಗೊರಸು, ಮುಂದಿನ ಗೊರಸು ಬಿಟ್ಟ ಗುರುತಿನ ಮೇಲೆಯೇ ಬೀಳಬೇಕು. ಇದೂ ಅಜ್ಜಿಯ ಪಾಠವೇ. ಇಲ್ಲಿ ಹಾಗಿರಲಿಲ್ಲ. ಹಿಂಗಾಲಿನ ಹೆಜ್ಜೆ ಮುಂಗಾಲಿನ ಗುರುತು ಮುಟ್ಟದೆ ಹಿಂದೆಯೇ ಉಳಿದಿತ್ತು. ಮಾರ್ನಿ ಕೈಗವಸು ಕಳಚಿ ನಡುವೆ ಕೈಯಿಟ್ಟಳು. ಅಂಗೈ ಪೂರ್ತಿ ಹಿಡಿಯಿತು.

'ಜಾರಿರಬೇಕು,' ಎಂದುಕೊಂಡು ಹೋಯ್ ಹೋಯ್ ಎಂದು ಮತ್ತೆ ಅಟ್ಟಿದಳು. ಮತ್ತೆ ಒಂದು ಅಂಗೈ. ಇನ್ನೊಮ್ಮೆ ಅಟ್ಟಿದಳು. ಆಗಲೂ ಅಷ್ಟೇ. ಈಗ ಕಾಲು ನೋಡಿದರೆ ಎಲ್ಲ ತಿಳಿಯಿತು. ಹಿಂಗಾಲುಗಳು ಗಿಣ್ಣಿನಲ್ಲಿ ಬಾಗದೆ ಕಂಬದ ಹಾಗೆ ನಿಂತಿದ್ದವು. ಅಂಥ ಕಾಲು ಗರ್ಭದ ಭಾರ ಹೊತ್ತು ಗುಡ್ಡ ಹತ್ತಿಳಿದು, ಎರಡು ಮೂರು ಕರು ಹಾಕುವಷ್ಟರಲ್ಲಿ ಕುಂಟತೊಡಗುತ್ತದೆ.

ಅಷ್ಟರಲ್ಲಿ ಆ ಒದೆಯುವ ಎರಡನೇ ನಂಬರ್ ಅವಳನ್ನು ಕಂಡು ಬುಸ್ಸೆಂದು ದೂರ ಸರಿಯಿತು. ಬೇಡವೆಂದರೂ ಮಾರ್ನಿ ಅದರ ಹೆಜ್ಜೆ ನೋಡಿದಳು. ಗುರುತಿನ ಮೇಲೆ ಗುರುತು, ಅಳೆದು ಇಟ್ಟಂತೆ.

ಸಿಟ್ಟು ಬಂತು. ಅಳುವೂ ಬಂತು. ಇನ್ನು ಆ ಕೋಲ್ಬಿ ಬೇಸಿಗೆ ರಜೆ ಮುಗಿಯುವವರೆಗೂ ನಗುತ್ತಾನೆ!

ಅವಳು ತಿರುಗಿ ನೋಡಿದಳು. ಅಜ್ಜಿ ಗೇಟಿನ ಬಳಿಯೇ ಇದ್ದಳು. ಈ ಮೂಲೆಯ ನೆಲ ಅಲ್ಲಿಂದ ಕಾಣಿಸದು. ಮಾರ್ನಿಯ ಬೂಟು ತಾನಾಗಿಯೇ ಮುಂದೆ ಹೋಯಿತು. ಒಂದು ಹೆಜ್ಜೆಯನ್ನು ಅಳಿಸಿತು. ಇನ್ನೊಂದನ್ನೂ ಅಳಿಸಿತು.

"ಏನ್ ಮಾಡ್ತಾ ಇದೀಯಾ?"

ಮಾರ್ನಿ ಬೆಚ್ಚಿಬಿದ್ದಳು. ಕೋಲ್ಬಿ! "ಏನಿಲ್ಲ! ಕಾಲು ಮರಗಟ್ಟಿತ್ತು, ಒದರ್ತಾ ಇದ್ದೆ. ಹೋಗಿ ಹೇಳು ಅಜ್ಜಿಗೆ, ಹೋಗು! ಚಾಡಿಕೋರ!"

ಕೋಲ್ಬಿ ನಗಲಿಲ್ಲ. ಅಳಿಸಿದ ಹಿಮವನ್ನೇ ನೋಡುತ್ತ ನಿಂತ.

"ನಾನೂ ಹಿಂಗೇ ಅಳಿಸಿದ್ದೆ," ಎಂದ ಮೆಲ್ಲಗೆ.

"ಏನನ್ನ?"

"ಪೆಪ್ಪರ್ ಹೆಜ್ಜೆನ. ನನ್ನ ವರ್ಷ. ಇದೇ ಮೂಲೇಲಿ."

ಮಾರ್ನಿಯ ಬಾಯಿ ತೆರೆದುಕೊಂಡಿತು. ಪೆಪ್ಪರ್ ಎಂದರೆ ಅಣ್ಣನ ಮೊದಲ ಕಡಸು. ಅದರಂಥದ್ದು ಜಿಲ್ಲೆಯಲ್ಲೇ ಇಲ್ಲ ಎಂದು ಅವನು ಈಗಲೂ ಜಂಬ ಕೊಚ್ಚುತ್ತಿದ್ದ. ಮೂರನೇ ಕರು ಹಾಕಿದ ಮೇಲೆ ಕುಂಟತೊಡಗಿದ್ದರಿಂದ ಹೋದ ಶರತ್ಕಾಲದಲ್ಲಿ ಅದನ್ನು ಮಾರಿದ್ದರು.

"ಹಳ್ಳದಲ್ಲಿ ಕಲ್ಲು ತಾಗಿ ಕುಂಟಾಯ್ತು ಅಂದಿದ್ಯಲ್ಲ?"

"ಅಂದಿದ್ದೆ."

"ಮತ್ತೆ ಅಜ್ಜಿಗೆ ಏನು ಕುಂದು ಹೇಳ್ದೆ?"

"ಬಾಲ ಗಿಡ್ಡ ಅಂದೆ. ಬರ್ಕೊಂಡಳು." ಕೋಲ್ಬಿ ಮೂಗು ಒರೆಸಿಕೊಂಡ. "ಲಾರಿಗೆ ಹತ್ತಿಸೋವಾಗ ಅದಕ್ಕೆ ಕಾಲೆತ್ತಿ ಇಡೋಕಾಗ್ತಿರಲಿಲ್ಲ ಮಾರ್ನಿ. ನನ್ನ ಮುಖಾನೇ ನೋಡ್ತಾ ಇತ್ತು."

ಹೇಳಿದವನೇ ಜೇಬಿಗೆ ಕೈ ಹಾಕಿಕೊಂಡು ಬೇಲಿಯ ಕಡೆ ನಡೆದುಬಿಟ್ಟ.

"ಕಾಫಿ ಮುಗೀತು!" ಅಜ್ಜಿಯ ದನಿ ಕೇಳಿಸಿತು.

ಮಾರ್ನಿ ಕೈ ಹಿಂದೆ ಕಟ್ಟಿಕೊಂಡು ಅಜ್ಜಿಯ ಎದುರು ನಿಂತಳು.

"ನಾನು ಎರಡನೇ ನಂಬರ್ ಆರಿಸ್ಕೋತೀನಿ ಅಜ್ಜಿ. ನಾಲ್ಕು ಎಲ್ಲಕ್ಕಿಂತ ಚೆಂದ, ಒಪ್ಕೋತೀನಿ. ಎರಡಕ್ಕಿಂತ ಅಗಲ, ಅದನ್ನೂ ಒಪ್ಕೋತೀನಿ. ಆದ್ರೆ..." ನಾಲ್ಕರ ಕಡೆ ಒಮ್ಮೆ ತಿರುಗಿ ನೋಡಿದಳು. "ಆದ್ರೆ ಅದರ ಹಿಂಗಾಲು ಕಂಬದ ಹಾಗಿದೆ. ಹೆಜ್ಜೆ ಒಂದು ಅಂಗೈ ಹಿಂದೆ ಬೀಳುತ್ತೆ. ಎರಡರ ಹೆಜ್ಜೆ ಸರಿಯಾಗಿದೆ. ಅದು ಬಹಳ ವರ್ಷ ಕರು ಹಾಕುತ್ತೆ."

"ಎರಡರ ಕುಂದು?"

"ಮೂತಿ ಉದ್ದ. ಬಣ್ಣ ಮಾಸಲು. ಒದೆಯುತ್ತೆ. ನನ್ನ ಕಂಡ್ರೆ ಅದಕ್ಕೆ ಸ್ವಲ್ಪಾನೂ ಇಷ್ಟ ಇಲ್ಲ."

ಅಜ್ಜಿ ಒಂದನ್ನೂ ಬಿಡದೆ ಬರೆದುಕೊಂಡಳು. ಆಮೇಲೆ ಮೊದಲ ಬಾರಿಗೆ ತಲೆ ಎತ್ತಿದಳು. "ಸರಿ. ನಿಂದೇ. ಆಗಲೇ ಕುಂದೇ ಇಲ್ಲ ಅಂದವಳಿಗೆ, ನೆಲ ನೋಡು ಅಂತ ಯಾರು ಹೇಳಿದ್ರು?"

ಬೇಲಿಯ ಮೇಲೆ ಕೋಲ್ಬಿಯ ಬಾಯಿ ಬೀಜ ಅಗಿಯುವುದನ್ನು ನಿಲ್ಲಿಸಿತು.

"ಯಾರೂ ಇಲ್ಲ ಅಜ್ಜಿ," ಎಂದಳು ಮಾರ್ನಿ. "ನಾನೇ ನೋಡ್ದೆ." ನೋಡಿದ ಮಟ್ಟಿಗೆ ಅದು ನಿಜವೂ ಆಗಿತ್ತು.

ನಾಲ್ಕನೇ ನಂಬರಿಗೆ ಸೇಬಿನ ಚೂರು ತಿನ್ನಿಸಿ, ಕುತ್ತಿಗೆ ತಬ್ಬಿ, ಅವಳು ಅಣ್ಣನ ಜೊತೆ ಮನೆಯ ಕಡೆ ಹೊರಟಳು. 'ನಾನು ಹೇಳಲಿಲ್ವಾ?' ಎಂದು ಅವನು ಈಗ ಅನ್ನುತ್ತಾನೆ, ಈಗ ಅನ್ನುತ್ತಾನೆ ಎಂದು ಕಾದಳು. ತಿರುಗಿಸಿ ಕೊಡಲು ಖಾರವಾದ ಮಾತೊಂದನ್ನು ನಾಲಗೆಯ ತುದಿಯಲ್ಲೇ ಇಟ್ಟುಕೊಂಡಿದ್ದಳು. ದನದ ಕೊಟ್ಟಿಗೆ ದಾಟಿತು, ಟ್ರ್ಯಾಕ್ಟರ್ ದಾಟಿತು, ಮನೆಯ ಮೆಟ್ಟಿಲೂ ಬಂತು. ಅವನು ಅನ್ನಲೇ ಇಲ್ಲ.

ಮಾರ್ನಿ ಆ ಖಾರದ ಮಾತನ್ನು ನುಂಗಿಕೊಂಡು ಕೈ ಚಾಚಿದಳು. "ನಂಗೂ ಸ್ವಲ್ಪ ಬೀಜ ಕೊಡೋ."

ಕೋಲ್ಬಿ ಪೊಟ್ಟಣವನ್ನೇ ಅವಳ ಕೈಗೆ ಹಾಕಿದ.