ಸೊನ್ನೆ ತೋರಿಸಿದ ಬಿಲ್ಲೆಗಳು

ಏಪ್ರಿಲ್ 29ರ ಮಂಗಳವಾರ ಬೆಳಿಗ್ಗೆ ಬಂಗಾರಪೇಟೆ ಠಾಣೆಗೆ ಎರಡು ದೂರುಗಳು ಬಂದವು. ಮೊದಲನೆಯದು ಕಳೆದುಹೋದ ಎಮ್ಮೆಯದು. ಹೆಡ್ ಕಾನ್‌ಸ್ಟೇಬಲ್ ಬಚ್ಚಪ್ಪ ಅದನ್ನು ಕಣ್ಣು ಮುಚ್ಚಿಕೊಂಡು ಬರೆದ. ಎರಡನೆಯದನ್ನು ತಂದವರು ಅಣುಶಕ್ತಿ ನಿಯಂತ್ರಣ ಮಂಡಳಿಯ ಅಧಿಕಾರಿ ಅರ್ಚನ. ಅವರ ಬಾಯಿಂದ ವಿಕಿರಣ ಎಂಬ ಮಾತು ಬರುತ್ತಲೇ ಬಚ್ಚಪ್ಪ ಪೆನ್ನು ಕೆಳಗಿಟ್ಟು ಕುರ್ಚಿಯನ್ನು ಹಿಂದಕ್ಕೆ ಸರಿಸಿದ.

"ಮೇಡಂ, ಇದು ನಮ್ ಕೈಲಾಗೋದಲ್ಲ. ಇನ್ಸ್‌ಪೆಕ್ಟರ್ ಅವ್ರತ್ರ ಓಗಿ."

ಅವನೇನೂ ಪುಕ್ಕಲನಲ್ಲ. ಮಚ್ಚು ಹಿಡಿದವರ ಮುಂದೆ ಬರಿಗೈಯಲ್ಲಿ ನಿಂತವನು. ಕಣ್ಣಿಗೆ ಕಾಣದ್ದು ಎಂದರೆ ಮಾತ್ರ ಅವನಿಗೆ ಆಗಿಬರುವುದಿಲ್ಲ, ಅಷ್ಟೆ.

ಇನ್ಸ್‌ಪೆಕ್ಟರ್ ಮುನಿಲಕ್ಷ್ಮಿ ದೂರನ್ನು ಪೂರ್ತಿ ಓದಿ, "ನನಗೆ ಅರ್ಥವಾಗೋ ಹಾಗೆ ಹೇಳಿ" ಎಂದರು. ಅರ್ಚನ ಹೇಳಿದರು. ಕೆಜಿಎಫ್ ರಸ್ತೆಯಲ್ಲಿ ಸೆಲ್ವಂ ಟೆಸ್ಟಿಂಗ್ ವರ್ಕ್ಸ್ ಎಂಬುದೊಂದಿದೆ. ಬಾಯ್ಲರ್ ಪೈಪುಗಳ ಬೆಸುಗೆ ಗಟ್ಟಿಯಾಗಿದೆಯೇ ಎಂದು ನೋಡುವುದು ಅಲ್ಲಿಯ ಕೆಲಸ. ಮುರಿದ ಮೂಳೆಗೆ ಎಕ್ಸ್‌ರೇ ತೆಗೆದ ಹಾಗೆ ಬೆಸುಗೆಗೂ ತೆಗೆಯುತ್ತಾರೆ. ಅದಕ್ಕಾಗಿ ಇರುವ ಭಾರದ ಪೆಟ್ಟಿಗೆಯನ್ನು ಕೆಲಸಗಾರರು ಕ್ಯಾಮೆರಾ ಎನ್ನುತ್ತಾರೆ. ಒಳಗಿರುವುದು ಉದ್ದಿನ ಕಾಳಿನಷ್ಟು ಇರಿಡಿಯಂ, ವಿಕಿರಣ ಸೂಸುವ ಲೋಹ. ಕೆಲಸದ ಹೊತ್ತಿಗೆ ಅದನ್ನು ಒಂದು ಟ್ಯೂಬಿನ ಮೂಲಕ ಹೊರಗೆ ತಳ್ಳುತ್ತಾರೆ. ಆಗ ಹತ್ತಿರ ಇದ್ದವರ ಮೈ ಸುಡುತ್ತದೆ, ಸುಟ್ಟದ್ದು ಮಾತ್ರ ಗೊತ್ತಾಗುವುದಿಲ್ಲ. ಮೈಗೆ ಎಷ್ಟು ತಾಗಿತೆಂದು ಅಳೆಯಲು ಪ್ರತಿಯೊಬ್ಬನೂ ಎದೆಯ ಮೇಲೆ ಒಂದು ಬ್ಯಾಡ್ಜ್ ಹಾಕಿಕೊಳ್ಳಬೇಕು. ಮೂರು ತಿಂಗಳಿಗೊಮ್ಮೆ ಬ್ಯಾಡ್ಜುಗಳು ಪ್ರಯೋಗಾಲಯಕ್ಕೆ ಹೋಗುತ್ತವೆ.

"ಈ ಸಲ ನಾಗೇಶ್ ಅನ್ನೋ ಕೆಲಸಗಾರರ ಬ್ಯಾಡ್ಜ್ ಮಿತಿ ಮೀರಿ ತೋರಿಸ್ತಿದೆ. ಅವರನ್ನ ಕೆಲಸಕ್ಕೆ ಕರೀಬೇಡಿ ಅಂತ ಹೇಳಿದೀವಿ."

"ಉಳಿದವರದು?"

"ಸೊನ್ನೆ. ಹಿಂದಿನ ಐದು ವರ್ಷಗಳಲ್ಲಿ ನಾಗೇಶ್‌ದೂ ಸೊನ್ನೆ. ನನಗೆ ಆ ಸೊನ್ನೆಗಳ ಮೇಲೇ ಹೆಚ್ಚು ಅನುಮಾನ ಮೇಡಂ. ಒಲೆ ಮುಂದೆ ಕೂತವರಿಗೆ ಬಿಸಿ ತಾಗ್ಲೇ ಇಲ್ಲ ಅಂದ್ರೆ ನಂಬೋದು ಹೇಗೆ?"

FIR ದಾಖಲಾಯಿತು. ಮಧ್ಯಾಹ್ನ ಮೂರು ಗಂಟೆಗೆ ಇಬ್ಬರು ಪಂಚರನ್ನು ಕರೆದುಕೊಂಡು ಎಲ್ಲರೂ ವರ್ಕ್ಸ್‌ಗೆ ಹೋದರು. ಬಚ್ಚಪ್ಪ ಜೀಪಿನ ಹತ್ತಿರ ಇರುತ್ತೇನೆಂದ. ಮುನಿಲಕ್ಷ್ಮಿ ಅವನ ಕಡೆ ಒಂದು ಸಲ ನೋಡಿದ್ದೇ ತಡ, ಹಿಂದೆಯೇ ಬಂದ.

ಮಾಲೀಕ ಸೆಲ್ವರಾಜ್ ಕಾಫಿ ತರಿಸಲು ಹೊರಟ. ಬೇಡವೆಂದರು. ಕ್ಯಾಮೆರಾ ಇಡುವ ಕೋಣೆಯಲ್ಲಿ ಸಿಮೆಂಟಿನ ಗುಂಡಿ, ಗುಂಡಿಗೆ ಬೀಗ. ಅರ್ಚನ ತಮ್ಮ ಮೀಟರಿನಿಂದ ಅಳೆದು, ಇರಿಡಿಯಂ ಪೆಟ್ಟಿಗೆಯಲ್ಲೇ ಇದೆ ಎಂದು ಖಾತ್ರಿ ಮಾಡಿಕೊಂಡು ಗುಂಡಿಗೆ ಸೀಲ್ ಹಾಕಿದರು. ವರ್ಕ್ಸ್‌ನ ಸ್ವಂತ ಮೀಟರಿನಲ್ಲಿ ಬ್ಯಾಟರಿ ಸೋರಿ ತುಕ್ಕು ಹಿಡಿದಿತ್ತು. ಅದನ್ನೂ ಪಂಚನಾಮೆಯಲ್ಲಿ ಬರೆಸಿದರು.

ಗೇಟಿನ ಪಕ್ಕದ ಟೈಮ್ ಆಫೀಸಿನ ಗೋಡೆಯಲ್ಲಿ ಒಂದು ಮರದ ಹಲಗೆ ಇತ್ತು. ಹಲಗೆಯ ತುಂಬ ಹಿತ್ತಾಳೆ ಕೊಕ್ಕೆಗಳು, ಒಂದೊಂದರ ಮೇಲೂ ಒಬ್ಬೊಬ್ಬರ ಹೆಸರು. ಕೊಕ್ಕೆಗಳೆಲ್ಲ ಖಾಲಿ.

"ಇದೇನು?" ಎಂದು ಮುನಿಲಕ್ಷ್ಮಿ ಕೇಳಿದರು.

ಟೈಮ್ ಕೀಪರ್ ಕುಪ್ಪುಸ್ವಾಮಿ ಎದ್ದು ನಿಂತರು. ವಯಸ್ಸು ಅರವತ್ತೈದರ ಮೇಲೆ, ಇಸ್ತ್ರಿ ಮಾಡಿದ ಬಿಳಿ ಶರಟು, ಮಾತಿನ ನಡುವೆ ಕೆಮ್ಮು. "ಬಿಲ್ಲೆ ಬೋರ್ಡ್ ಅಮ್ಮಾ. ಕೆಜಿಎಫ್‌ನ ನಂದಿದುರ್ಗ ಚಿನ್ನದ ಮೈನ್‌ನಲ್ಲಿ ನಾನು ಟೈಮ್ ಆಫೀಸ್‌ನಲ್ಲಿದ್ದೆ. ಗಣಿಗೆ ಇಳಿಯೋನು ತನ್ ನಂಬರಿನ ಬಿಲ್ಲೆನ ಬೋರ್ಡ್‌ಗೆ ಹಾಕಿ ಇಳೀಬೇಕು, ಮೇಲೆ ಬಂದೋನು ತಗೋಬೇಕು. ಶಿಫ್ಟ್ ಮುಗಿದ್ಮೇಲೆ ಒಂದ್ ಬಿಲ್ಲೆ ಉಳಿದ್ರೂ ಒಬ್ಬ ಕೆಳಗವ್ನೆ ಅಂತ. ಅವ್ನು ಬರೋಗಂಟ ನಾವ್ಯಾರೂ ಮನೆಗೆ ಓಗಲ್ಲ."

"ಇಲ್ಲಿ?"

"ಇಲ್ಲೂ ಅಂಗೇ ಮಾಡ್ದೆ. ಕ್ಯಾಮೆರಾ ಕೆಲ್ಸಕ್ಕೆ ಓಗೋರು ಬ್ಯಾಡ್ಜನ್ನ ಇಲ್ಲಿ ಹಾಕಿ ಓಗೋರು."

ಅರ್ಚನ ಹಲಗೆಯ ಹತ್ತಿರ ಹೋಗಿ ಕೊಕ್ಕೆಗಳ ಮೇಲಿನ ಹೆಸರುಗಳನ್ನು ಒಂದೊಂದಾಗಿ ಓದಿದರು. ಕೆಲಸಗಾರರು ಕ್ಯಾಮೆರಾದ ಮುಂದೆ, ಅವರ ಬ್ಯಾಡ್ಜುಗಳು ಗೇಟಿನ ಹತ್ತಿರ ತಣ್ಣಗೆ. ಐದು ವರ್ಷದ ಸೊನ್ನೆಗಳ ಹುಟ್ಟೂರು ಈ ಹಲಗೆ. ಮೋಸ ಮಾಡಲು ಹಾಕಿದ ಹಲಗೆಯಾಗಿದ್ದರೆ ಮುದುಕನನ್ನು ಬೈಯಬಹುದಿತ್ತು. ಒಬ್ಬನೂ ಒಳಗೆ ಉಳಿಯಬಾರದೆಂದು ಹಾಕಿದ್ದು.

"ಈಗ ಯಾಕೆ ಖಾಲಿ?" ಎಂದರು ಮುನಿಲಕ್ಷ್ಮಿ.

"ಯುಗಾದಿ ಆದ್ಮೇಲೆ ನಿಲ್ಲಿಸ್ಬಿಟ್ಟೆ. ಈಗ ಎಲ್ರೂ ಎದೆ ಮೇಲೇ ಹಾಕ್ಕೊಂತಾರೆ." ಆಮೇಲೆ ಕುಪ್ಪುಸ್ವಾಮಿಯೇ ಕೇಳಿದರು, "ನಾಗೇಶನ್ನ ಆಸ್ಪತ್ರೆಗೆ ಕಳಿಸ್ತೀರಾ ಅಮ್ಮಾ? ರಕ್ತ ತೆಗೆದು ನೋಡ್ತಾರಾ?"

ಸೆಲ್ವರಾಜ್ ನಡುವೆ ಬಾಯಿ ಹಾಕಿದ. "ಯಾವ ಆಸ್ಪತ್ರೆ ಮೇಡಂ? ಯಾರೋ ಬೇಕಂತ ಆ ಬ್ಯಾಡ್ಜನ್ನ ಕ್ಯಾಮೆರಾಗೆ ಒತ್ತಿ ಇಟ್ಟಿದಾರೆ. ಅವನನ್ನ ಹಿಡೀರಿ. ಆಗ ಆ ರೀಡಿಂಗ್ ಸುಳ್ಳು ಅಂತ ಆಗುತ್ತೆ, ಸೀಲ್ ತೆಗೀತೀರಿ, ನಾಗೇಶ್ ನಾಳೇನೇ ಕೆಲಸಕ್ಕೆ ಬರ್ತಾನೆ."

"ಗುಂಡಿಯ ಕೀ ಯಾರತ್ರ ಇರುತ್ತೆ?"

"ನನ್ನತ್ರ ಒಂದು. ಕುಪ್ಪುಸ್ವಾಮಿ ಹತ್ರ ಒಂದು."

ಮರುದಿನ ಮುನಿಲಕ್ಷ್ಮಿ ಮತ್ತು ಬಚ್ಚಪ್ಪ ಬೇತಮಂಗಲದ ಹತ್ತಿರ ನಾಗೇಶನ ಊರಿಗೆ ಹೋದರು. ಎರಡು ಹಸು, ಸ್ವಲ್ಪ ಟೊಮೆಟೊ, ಉಳಿದಂತೆ ದಿನಾ ಬಸ್ಸು ಹತ್ತಿ ವರ್ಕ್ಸ್‌ಗೆ ಓಡಾಟ. ಇಪ್ಪತ್ತೆಂಟರ ನಗುಮುಖದ ಹುಡುಗ. ನಗುನಗುತ್ತಲೇ ಸಿಟ್ಟಾಗಿದ್ದ.

"ನಂಗೇನೂ ಆಗಿಲ್ಲ ಮೇಡಂ. ಯಾವನೋ ನನ್ ಅನ್ನಕ್ಕೆ ಮಣ್ಣಾಕಿದಾನೆ. ಅವ್ನು ನನ್ ಕೈಗೆ ಸಿಗ್ಬೇಕು, ಅಷ್ಟೆ."

"ರಕ್ತ ಪರೀಕ್ಷೆಗೆ ಬರ್ತೀಯಾ?"

"ಯಾಕೆ? ಕಾಯಿಲೆ ಐತೆ ಅಂತ ಬರ್ದು ಮನೇಲಿ ಕೂರ್ಸಕ್ಕಾ? ನಾನು ಬರಕಿಲ್ಲ."

ಊಟದ ಹೊತ್ತು. ಬಂದವರನ್ನು ಹಾಗೇ ಕಳಿಸುವ ಊರಲ್ಲ ಅದು. ನಾಗೇಶನ ಹೆಂಡತಿ ಸುಮಲತ ಮುದ್ದೆ, ಸೊಪ್ಪಿನ ಸಾರು ಬಡಿಸಿದಳು. ಬಚ್ಚಪ್ಪ ಕೈ ತೊಳೆದು ಕೂತವನೇ ತಲೆ ಎತ್ತಲಿಲ್ಲ. ಮುನಿಲಕ್ಷ್ಮಿ ಒಂದು ತುತ್ತು ಮುರಿದು ನಾಗೇಶನ ತಟ್ಟೆ ನೋಡಿದರು. ಅವನು ಮುದ್ದೆಯನ್ನು ಎಡಗೈಯಲ್ಲಿ ಚಮಚ ಹಿಡಿದು ತಿನ್ನುತ್ತಿದ್ದ. ಕೋಲಾರ ಸೀಮೆಯಲ್ಲಿ ಹುಟ್ಟಿದವನು ಮುದ್ದೆಗೆ ಚಮಚ ಹಾಕಿದ ಎಂದರೆ ಅದಕ್ಕೇ ಒಂದು FIR ಬರೆಯಬಹುದು.

"ಬಲಗೈ ತೋರ್ಸಪ್ಪ."

ಬೆರಳ ತುದಿಗಳು ಕೆಂಪಗೆ, ಚರ್ಮ ಸುಲಿದು ಮಿರುಗುತ್ತಿದ್ದವು.

"ಬಿಸಿ ಎಣ್ಣೆ ಬಿತ್ತು" ಎಂದ ನಾಗೇಶ್.

"ಈ ಮನೇಲಿ ಎಣ್ಣೆ ಕಾಯ್ಸೋಳು ನಾನು" ಎಂದಳು ಸುಮಲತ. "ನಂಗೆ ಬೀಳದ ಎಣ್ಣೆ ನಿಂಗೆಲ್ಲಿ ಬಿತ್ತು? ಶಿವರಾತ್ರಿಯಿಂದ ಇಂಗೇ ಐತೆ ಮೇಡಂ. ಶರಟಿನ ಗುಂಡಿ ಹಾಕ್ಕೊಳಕ್ಕೂ ಆಗಲ್ಲ ಇವ್ರಿಗೆ, ನಾನೇ ಹಾಕ್ತೀನಿ. ಕೇಳಿದ್ರೆ ರೇಗ್ತಾರೆ."

ಆಮೇಲೆ ನಾಗೇಶ್ ನಿಜ ಹೇಳಿದ. ಟ್ಯೂಬಿನ ತುದಿಯನ್ನು ಸ್ಟ್ಯಾಂಡಿಗೆ ಕಟ್ಟಿ ದೂರ ಹೋಗಬೇಕು. ಕಟ್ಟಲು ಹೊತ್ತು ಹಿಡಿಯುತ್ತದೆಂದು ಸೆಲ್ವರಾಜ್ ಅವಸರ ಮಾಡುತ್ತಿದ್ದ. ಹಾಗಾಗಿ ಎಷ್ಟೋ ಸಲ ಕೈಯಲ್ಲೇ ಹಿಡಿದು ನಿಂತಿದ್ದಾನೆ.

"ಸೊನ್ನೆ ಬತ್ತಿತ್ತಲ್ಲ ಮೇಡಂ. ಸೊನ್ನೆ ಅಂದ್ರೆ ಏನೂ ಇಲ್ಲ ಅಂತಾನೇ ಅಲ್ವಾ?"

ಸುಮಲತ ತಟ್ಟೆ ಎತ್ತಿಕೊಂಡಳು. "ನಾಳೆ ಮೊದಲ್ನೇ ಬಸ್ಸಿಗೆ ಓಗಾಣ. ನೀನು ಬರ್ದಿದ್ರೆ ನಾನು ಒಲೆ ಹಚ್ಚಲ್ಲ." ಕಾನೂನಿಗೆ ಬಗ್ಗದ ನಾಗೇಶ್ ಇದಕ್ಕೆ ಬಗ್ಗಿದ. ಅರ್ಚನ ಬೆಂಗಳೂರಿನ ಆಸ್ಪತ್ರೆಯಲ್ಲಿ ವ್ಯವಸ್ಥೆ ಮಾಡಿದರು. ವಿಕಿರಣ ಮೈಯೊಳಗೆ ಹೋಗಿದ್ದರೆ ಅದರ ಗುರುತು ರಕ್ತದಲ್ಲಿ ಉಳಿದಿರುತ್ತದೆ, ಬ್ಯಾಡ್ಜ್ ಸುಳ್ಳು ಹೇಳಿದರೂ ರಕ್ತ ಸುಳ್ಳು ಹೇಳುವುದಿಲ್ಲ ಎಂದರು. ಆದರೆ ವರದಿ ಬರಲು ದಿನ ಹಿಡಿಯುತ್ತದೆ.

ಅಷ್ಟರಲ್ಲಿ ಸೆಲ್ವರಾಜ್ ವಕೀಲರೊಂದಿಗೆ ಠಾಣೆಗೆ ಓಡಾಡತೊಡಗಿದ. ಬ್ಯಾಡ್ಜ್ ಮುಟ್ಟಿದವನನ್ನು ಯಾಕೆ ಹಿಡಿದಿಲ್ಲ? ಹಿಡಿದರೆ ರೀಡಿಂಗ್ ಬಿದ್ದುಹೋಗುತ್ತದೆ. ಬೆರಳಿನ ಗಾಯ ಎಣ್ಣೆಯದೆಂದು ನಾಗೇಶನೇ ಬರೆದುಕೊಡುತ್ತಾನೆ. ಕೆಲಸ ಉಳಿಸಿಕೊಳ್ಳಲು ಅವನು ಬರೆದುಕೊಟ್ಟೇಬಿಡುವವನು ಎಂದು ಮುನಿಲಕ್ಷ್ಮಿಗೂ ಗೊತ್ತಿತ್ತು.

ವರ್ಕ್ಸ್‌ನ ಕಾವಲುಗಾರ ಸೀನಪ್ಪನ ಹೇಳಿಕೆ ತೆಗೆದುಕೊಂಡರು.

"ಯುಗಾದಿ ರಜದಲ್ಲಿ ಯಾರು ಬಂದಿದ್ರು?"

"ಕುಪ್ಪುಸ್ವಾಮಿ ಮೇಸ್ತ್ರಿ ಬಂದಿದ್ರು. 'ಇದು ನಿಮ್ ಹಬ್ಬ, ನಮ್ ತಮಿಳ್ರುದು ಚಿತ್ರೈ ತಿಂಗಳಲ್ಲಿ. ನೀನು ಮನೆಗೋಗಿ ಒಬ್ಬಟ್ಟು ತಿನ್ನು, ನಾನು ಕಾಯ್ತೀನಿ' ಅಂದ್ರು. ಮಾರನೇ ದಿನ ಒಸತೊಡಕಿಗೂ ಅವ್ರೇ ಇದ್ರು. ದೇವರಂಥ ಮನುಷ್ಯ ಮೇಡಂ."

"ಅವರು ಕ್ಯಾಮೆರಾ ಗುಂಡಿಯ ಬೀಗ ತೆಗೆದದ್ದು ನೋಡಿದೆಯಾ?"

"ನಾನೆಲ್ಲಿದ್ದೆ ನೋಡಕ್ಕೆ? ಒಬ್ಬಟ್ಟು ತಿಂತಿದ್ನಲ್ಲ."

ನಂದಿದುರ್ಗದ ಹಳೆಯ ಗಣಿ ಕಾರ್ಮಿಕರ ಸಾಲುಮನೆಗಳ ಲೈನಿನಲ್ಲಿ ಕುಪ್ಪುಸ್ವಾಮಿಯ ಮನೆ. ಅವರ ಹೆಂಡತಿ ಕದಿರಮ್ಮ ಹೊರಗೆ ಕುರ್ಚಿ ಹಾಕಿದರು.

"ಯುಗಾದಿ ದಿನ ವರ್ಕ್ಸ್‌ಗೆ ಹೋಗಿದ್ರಾ?"

"ಓಗಿದ್ದೆ ಅಮ್ಮಾ."

"ಗುಂಡಿ ಬೀಗ ತೆಗೆದ್ರಾ?"

"ನಾಗೇಶನ ರಕ್ತದ ರಿಪೋರ್ಟ್ ಬಂತಾ?"

"ನಾನು ಕೇಳಿದ್ದಕ್ಕೆ ಉತ್ತರ ಹೇಳಿ."

"ಅದು ಬಂದ ದಿನ ನಾನೇ ಠಾಣೆಗೆ ಬತ್ತೀನಿ. ನೀವು ಜೀಪ್ ತರ್ಬೇಡಿ, ಡೀಸೆಲ್ ದಂಡ."

ವಾಪಸ್ ಬರುವಾಗ ಬಚ್ಚಪ್ಪ ಕೇಳಿದ, "ಅರೆಸ್ಟ್ ಮಾಡಲ್ವಾ ಮೇಡಂ?"

"ನೋಡಿದವರು ಯಾರೂ ಇಲ್ಲ ಬಚ್ಚಪ್ಪ. ಸಾಕ್ಷಿ ಸಾಲದು."

ಇದಕ್ಕಿಂತ ಕಡಿಮೆ ಸಾಕ್ಷಿಗೆ ಮೇಡಂ ಎಷ್ಟು ಜನರನ್ನು ಒಳಗೆ ಹಾಕಿದ್ದಾರೆಂದು ಬಚ್ಚಪ್ಪನಿಗೆ ಗೊತ್ತಿತ್ತು. ಆ ದಿನದಿಂದ ಅವರ ಮೇಲೆ ಅವನಿಗೆ ಇದ್ದ ಗೌರವ ಇನ್ನಷ್ಟು ಹೆಚ್ಚಿತು.

ಮೇ 19ರಂದು ಅರ್ಚನರ ಫೋನ್ ಬಂತು. ನಾಗೇಶನ ರಕ್ತದಲ್ಲಿ ವಿಕಿರಣದ ಗುರುತು ಸ್ಪಷ್ಟವಾಗಿದೆ. ಬ್ಯಾಡ್ಜ್ ತೋರಿಸಿದಷ್ಟು ಇಲ್ಲ, ಆದರೆ ಮಿತಿಗಿಂತ ಬಹಳ ಹೆಚ್ಚು. ಒಂದು ಬೆರಳ ತುದಿ ಹೋಗಬಹುದು, ಕೈ ಉಳಿಯುತ್ತದೆ. ಇನ್ನು ಕೆಲವು ತಿಂಗಳು ಹೀಗೇ ಬಿಟ್ಟಿದ್ದರೆ ಈ ಮಾತು ಹೇಳಲು ಆಗುತ್ತಿರಲಿಲ್ಲ.

ಮಧ್ಯಾಹ್ನ ಸೆಲ್ವರಾಜನನ್ನು ಬಂಧಿಸಿದರು. ವಿಕಿರಣ ಸುರಕ್ಷತೆಯ ತರಬೇತಿ ಮುಗಿಸಿ ಪ್ರಮಾಣಪತ್ರ ಗೋಡೆಗೆ ಹಾಕಿಕೊಂಡವನು ಅವನೊಬ್ಬನೇ. ಬ್ಯಾಡ್ಜ್ ಎಲ್ಲಿರಬೇಕೆಂದು ಚೆನ್ನಾಗಿ ಗೊತ್ತಿದ್ದೂ ದಿನಾ ಆ ಹಲಗೆಯ ಮುಂದೆ ಹಾದುಹೋಗಿದ್ದ. ಸೊನ್ನೆ ಬಂದರೆ ತಪಾಸಣೆಯ ಕಾಟವಿಲ್ಲವೆಂದು ಸುಮ್ಮನಿದ್ದ.

ಸಂಜೆ ಕುಪ್ಪುಸ್ವಾಮಿ ಬಸ್ಸಿನಲ್ಲಿ ಬಂದು ಇಳಿದರು. ಕೇಳುವ ಮೊದಲೇ ಹೇಳಿದರು. ಮಾರ್ಚ್‌ನಲ್ಲಿ ಎದೆಯ ಎಕ್ಸ್‌ರೇ ತೆಗೆಸಲು ಹೋಗಿದ್ದರು. ಅಲ್ಲಿ ಫೋಟೋ ತೆಗೆಯುವ ಹುಡುಗಿ ಬ್ಯಾಡ್ಜ್ ಹಾಕಿಕೊಂಡೇ ಒಳಗೆ ಬಂದಳು. ಬಾಗಿಲಲ್ಲಿ ನೇತು ಹಾಕುವುದಿಲ್ಲವೇ ಎಂದು ಇವರು ಕೇಳಿದರು. ಅವಳು ನಕ್ಕು, ಬಾಗಿಲಿಗೆ ಯಾಕೆ ತಾತ, ಕಾಯಿಲೆ ಬರೋದು ನಂಗಲ್ವಾ ಎಂದಳು. ಕುಪ್ಪುಸ್ವಾಮಿಗೆ ಕೂತಲ್ಲೇ ನಾಗೇಶನ ಬೆರಳು ಕಣ್ಣ ಮುಂದೆ ಬಂತು. ಸೆಲ್ವರಾಜನಿಗೆ ಹೇಳಿದರು. ಅವನು ಸೊನ್ನೆಗಳ ರಿಪೋರ್ಟ್ ತೋರಿಸಿ, ಬಾಯಿ ಬಿಟ್ಟರೆ ಎಲ್ಲರ ಕೆಲಸವೂ ಹೋಗುತ್ತದೆ ಎಂದ.

"ನನ್ ಮಾತು ಯಾರು ಕೇಳ್ತಾರೆ ಅಮ್ಮಾ? ಬಿಲ್ಲೆ ಮಾತು ಎಲ್ರೂ ಕೇಳ್ತಾರೆ. ಅದಕ್ಕೇ ಹಬ್ಬದ ಎರಡು ದಿನ ನಾಗೇಶನ ಬಿಲ್ಲೆನ ಕ್ಯಾಮೆರಾಗೆ ಕಟ್ಟಿಟ್ಟೆ."

"ಮೊದಲೇ ಯಾಕೆ ಒಪ್ಪಿಕೊಳ್ಳಲಿಲ್ಲ?"

"ಒಪ್ಪಿಕೊಂಡಿದ್ರೆ ಸೀಲ್ ತೆಗೀತಿದ್ರು, ನಾಗೇಶ ಮಾರನೇ ದಿನವೇ ಟ್ಯೂಬ್ ಹಿಡ್ಕೊಂತಿದ್ದ."

ಮುನಿಲಕ್ಷ್ಮಿ ಬಂಧನದ ಪತ್ರ ತಾವೇ ಬರೆದರು. ಅಪರಾಧ ಅಪರಾಧವೇ. ಬೀಗ ತೆಗೆದದ್ದು, ಬ್ಯಾಡ್ಜ್ ಮುಟ್ಟಿದ್ದು, ಎರಡನ್ನೂ ಬಿಡದೆ ಬರೆದರು. ಜಾಮೀನು ಸಿಗುವ ಅಪರಾಧವೆಂಬುದನ್ನೂ ಅವರಿಗೆ ಎರಡು ಸಲ ಬಿಡಿಸಿ ಹೇಳಿದರು.

ಠಾಣೆಯಲ್ಲಿ ದೀಪ ಹಾಕುವ ಹೊತ್ತಿಗೆ ನಾಗೇಶ್ ಬಂದ. ಬಲಗೈಗೆ ಬ್ಯಾಂಡೇಜ್, ಹಿಂದೆ ಸುಮಲತ. ತನ್ನ ಅನ್ನಕ್ಕೆ ಮಣ್ಣು ಹಾಕಿದವನನ್ನು ನೋಡಲು ಬಂದವನು ಬೆಂಚಿನ ಮೇಲೆ ಕೂತವರನ್ನು ಕಂಡು ನಿಂತುಬಿಟ್ಟ.

"ನಂಗೇ ಹೇಳ್ಬೋದಿತ್ತಲ್ಲ ಮೇಸ್ತ್ರಿ."

"ಹೇಳಿದ್ನಲ್ಲ ತಂಬಿ. ಆಸ್ಪತ್ರೆಗೆ ಓಗು ಅಂದೆ. ಸೊನ್ನೆ ಬಂದೈತೆ, ಸುಮ್ಕಿರು ಮೇಸ್ತ್ರಿ ಅಂದೆ ನೀನು." ಕುಪ್ಪುಸ್ವಾಮಿ ಕೆಮ್ಮು ನಿಲ್ಲುವವರೆಗೆ ಕಾದರು. "ಆ ಸೊನ್ನೆ ನಾನು ಕೊಟ್ಟಿದ್ದು. ನಾನೇ ವಾಪಸ್ ತಗೋಬೇಕಿತ್ತು."

ನಾಗೇಶ್ ಬಚ್ಚಪ್ಪನ ಮೇಜಿನ ಹತ್ತಿರ ಹೋಗಿ, "ಇವ್ರ ಜಾಮೀನಿಗೆ ನಾನು ನಿಲ್ತೀನಿ" ಎಂದ. ಬಲಗೈಯಲ್ಲಿ ಸಹಿ ಮಾಡಲು ಆಗದ್ದರಿಂದ ಎಡಗೈ ಹೆಬ್ಬೆಟ್ಟು ಒತ್ತಿದ.

"ಆರೋಪಿಗೂ ನಿನಗೂ ಏನು ಸಂಬಂಧ?" ಬಚ್ಚಪ್ಪ ಪೆನ್ನು ಹಿಡಿದು ಕೇಳಿದ.

"ನಮ್ಮೋರು ಅಂತ ಬರ್ಕೊಳ್ಳಿ."

"ಅಂಗೆಲ್ಲ ಬರಿಯಂಗಿಲ್ಲ ಕಣಪ್ಪ" ಎಂದು ಗೊಣಗುತ್ತಲೇ ಬಚ್ಚಪ್ಪ ಹಾಗೇ ಬರೆದ.